ಡಾಕ್ಟ್ರಕ್ಕ ಸೀನಿದ ದಿನ

ಡಾಕ್ಟ್ರಕ್ಕ ಸೀನಿದ್ದೇ ತಪ್ಪಾಯಿತು. ಅದೂ ಬೀದಿಯ ನೀರಿನ ತೊಟ್ಟಿಯ ಮುಂದೆ, ಎಲ್ಲರೂ ಕೊಡ ಹಿಡಿದು ನಿಂತಿದ್ದಾಗ. ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಗಾಳಿ ಬೀಸಿ ಮೂಗಿಗೆ ಹೊಕ್ಕಿತ್ತು, ಅಷ್ಟೇ.

ಅವಳು ಡಾಕ್ಟರೇನಲ್ಲ, ಸರ್ಕಾರದ ಆರೋಗ್ಯ ಕಾರ್ಯಕರ್ತೆ. ಮನೆಮನೆ ತಿರುಗಿ ಬಸುರಿಯರನ್ನು ವಿಚಾರಿಸುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಜ್ವರ ಭೇದಿಗೆ ಏನು ಮಾಡಬೇಕೆಂದು ಹೇಳಿಕೊಡುವುದು ಅವಳ ಕೆಲಸ. ತಿರುಗಿ ತಿರುಗಿ ಮಂಡಿ ಸವೆದು, ಈಚೆಗೆ ಮೆಟ್ಟಿಲು ಕಂಡರೆ ಅಳು ಬರುತ್ತಿತ್ತು. ಪುಣ್ಯಕ್ಕೆ ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆದುಕೊಡುವ ಕೆಲಸ ಖಾಲಿಯಾಗಿತ್ತು. ಕುರ್ಚಿ, ಮೇಜು, ತಲೆಯ ಮೇಲೊಂದು ಫ್ಯಾನು! ಅದಕ್ಕೆ ಜನ ಆರಿಸಲು ಮೇಲಧಿಕಾರಿ ಮೇಡಂ ಇವತ್ತೇ ಕೇಂದ್ರಕ್ಕೆ ಬರುವವರಿದ್ದರು. ಹತ್ತು ಗಂಟೆಗೆ ಅಲ್ಲಿರಬೇಕು.

"ಅಕ್ಕಾ, ಎಲ್ಲಿಗೆ ಹೊರಟ್ರಿ?" ಎದುರುಮನೆಯ ಟೈಲರಮ್ಮ ಅಡ್ಡ ಬಂದಳು. "ಸೀನು ಬಂದೋರು ಜನರ ಮಧ್ಯೆ ಹೋಗ್ಬಾರ್ದು ಅಂತ ನೀವೇ ತಾನೆ ಹೇಳಿದ್ದು?"

"ಅಯ್ಯೋ, ಪುಡಿ ಕಣೇ ಅದು!"

"ನಮ್ಮೆಜಮಾನ್ರೂ ಧೂಳು ಅಂತಾನೇ ಅಂದಿದ್ರು. ಆಮೇಲೆ ಮನೆಮಂದಿಯೆಲ್ಲ ಜ್ವರ ಬಂದು ಮಲಗಿದ್ವಿ."

ಟೈಲರಮ್ಮ ಬಟ್ಟೆಯ ಅಳತೆ ತಗೊಳ್ಳುವ ಗತ್ತಿನಲ್ಲೇ ಅವಳ ಹಣೆ ಮುಟ್ಟಿ, "ಬಿಸಿ ಇದೆ!" ಎಂದು ಸಾರಿದಳು. ಬಿಸಿಲಲ್ಲಿ ನಿಂತವರ ಹಣೆ ಇನ್ನು ಹೇಗಿರುತ್ತದೆ? ಕೇಳುವವರು ಯಾರು! ಒಬ್ಬಳು ತೋಳು ಹಿಡಿದಳು, ಇನ್ನೊಬ್ಬಳು ಚಪ್ಪಲಿ ಬಚ್ಚಿಟ್ಟಳು. ನೋಡನೋಡುತ್ತ ಡಾಕ್ಟ್ರಕ್ಕ ತನ್ನದೇ ಮಂಚದ ಮೇಲೆ ಬಿದ್ದಿದ್ದಳು.

ಬೇಕರಿಯವನು ಉಪ್ಪು ಸಕ್ಕರೆಯ ನೀರು ತಂದ.

"ನಂಗೆ ಭೇದಿ ಆಗಿಲ್ಲಪ್ಪಾ!"

"ಇರ್ಲಿ, ಕುಡೀರಿ. ಅಳತೆ ಸರಿಯಾಗಿದೆಯಾ ನೋಡಿ."

ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ತಾತ ಗಡಿಯಾರ ಹಿಡಿದು ಕೂತ. "ಉಸಿರು ಎಣಿಸ್ತಿದೀನಿ, ಮಾತಾಡ್ಬೇಡಮ್ಮ, ಲೆಕ್ಕ ತಪ್ಪತ್ತೆ." ಬಾಗಿಲಲ್ಲಿ ಅತ್ತೆ ಸೋಪು ಹಿಡಿದು ನಿಂತಿದ್ದರು. ಕೈ ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ.

ಡಾಕ್ಟ್ರಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ? ತಾನು ಗಂಟಲು ಹರಿದುಕೊಳ್ಳುವಾಗ ಆಕಳಿಸುತ್ತಿದ್ದ ಈ ಜನ ಒಂದು ಮಾತನ್ನೂ ಮರೆತಿರಲಿಲ್ಲ. ಅಷ್ಟರಲ್ಲಿ ಹತ್ತು ಹೊಡೆಯಿತು. ಎದ್ದು ಬರಿಗಾಲಲ್ಲೇ ಹಿತ್ತಿಲ ಬಾಗಿಲಿಗೆ ಓಡಿದಳು. ಅಲ್ಲಿ ಟೈಲರಮ್ಮ ಕಾವಲಿದ್ದಳು.

"ಗಾಬರಿಯಾಗ್ಬೇಡಿ ಅಕ್ಕ. ನಿಮಗೆ ಹುಷಾರಿಲ್ಲ ಅಂತ ತಾತ ಕೇಂದ್ರಕ್ಕೆ ಫೋನ್ ಮಾಡಿದಾರೆ."

ಸ್ವಲ್ಪ ಹೊತ್ತಿಗೆ ಮನೆ ಮುಂದೆ ಜೀಪು ನಿಂತಿತು. ಮೇಡಂ! ಅತ್ತೆ ಅವರನ್ನೂ ಬಿಡಲಿಲ್ಲ; ಬೆರಳ ಸಂದಿಯನ್ನೂ ಉಜ್ಜಿಸಿಯೇ ಒಳಗೆ ಕಳಿಸಿದರು. ಮೇಡಂ ನೋಡಿದರು, ಜ್ವರಕ್ಕೆ ಏನು, ಭೇದಿಗೆ ಏನು ಎಂದು ಸುತ್ತ ನಿಂತವರನ್ನು ಕೇಳಿದರು. ಬೇಕರಿಯವನಿಂದ ಹಿಡಿದು ತಾತನವರೆಗೆ ಎಲ್ಲರೂ ಪಟಪಟನೆ ಉತ್ತರ ಕೊಟ್ಟರು.

"ಇಂಥ ಬೀದಿ ನಾನು ಎಲ್ಲೂ ನೋಡಿಲ್ಲ," ಮೇಡಂ ಗದ್ಗದಿತರಾದರು. "ನಿಮ್ಮಂಥೋರನ್ನ ಕುರ್ಚೀಲಿ ಕೂರಿಸಿದ್ರೆ ನಂಗೆ ಪಾಪ ಸುತ್ಕೊಳ್ಳತ್ತೆ."

"ಆ ಪಾಪ ನಂಗೇ ಇರ್ಲಿ ಬಿಡಿ ಮೇಡಂ," ಡಾಕ್ಟ್ರಕ್ಕ ಕೈಮುಗಿದಳು.

"ಈ ಬೀದಿಗೆ ಇನ್ನು ನಿಮ್ಮ ಅಗತ್ಯಾನೇ ಇಲ್ಲ. ಗುಡ್ಡದಾಚೆ ಯಾರೂ ಯಾರ ಮಾತೂ ಕೇಳಲ್ಲ. ಸೋಮವಾರದಿಂದ ಅಲ್ಲಿಗೆ ಹೋಗಿ."

"ಮತ್ತೆ ಆ ಕುರ್ಚಿ?"

ಮೇಡಂ ಸುತ್ತ ಕಣ್ಣಾಡಿಸಿ ಟೈಲರಮ್ಮನ ಕಡೆ ತಿರುಗಿದರು. "ನೀವು ಚುರುಕಾಗಿದೀರಿ. ಎಷ್ಟು ಓದಿದೀರಿ?"

"ಹತ್ತನೇ ಕ್ಲಾಸು ಪಾಸು ಮೇಡಂ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಜೀಪು ಹೋದ ಮೇಲೆ ಟೈಲರಮ್ಮ ಡಾಕ್ಟ್ರಕ್ಕನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅಕ್ಕಾ, ನಿಮ್ಮ ಕೈಚೀಲ ಕೊಡಿ. ಪಟ್ಟಿಗೆ ಎರಡು ಹೊಲಿಗೆ ಜಾಸ್ತಿ ಹಾಕ್ಕೊಡ್ತೀನಿ. ಗುಡ್ಡದ ಕಡೆ ಬಸ್ಸಿಲ್ಲ ನೋಡಿ."