ಕಾರ್ಟೂನು ನೋಡುವ ಗಂಡು

ಜಪಾನಿನ ಕಾರ್ಟೂನು ನೋಡುವ ಚಟ ಇದ್ದವನು ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ವಾರ ನನಗೇ ಬೇಜಾರು.

ಕಾರ್ಟೂನು ಅನ್ನಬೇಡಿ, ಅನಿಮೆ ಅನ್ನಿ ಎಂದು ಊರಿಗೆ ತಿಳಿಸಿ ಹೇಳಿ ನಾನು ಸೋತಿದ್ದೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪ ಮತ್ತು ನಾನು ಕೈಮಗ್ಗದ ಸೀರೆ ಮಾರುತ್ತೇವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅನಿಮೆ ನೋಡುತ್ತೇನೆ, ನೋಡಿದ್ದರ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ಇದರಿಂದ ಯಾರಿಗೂ ತ್ರಾಸಿರಲಿಲ್ಲ, ನನ್ನ ಮದುವೆಯೊಂದನ್ನು ಬಿಟ್ಟು. ನನಗೆ ಮೂವತ್ತು ದಾಟಿದ ಮೇಲಂತೂ ಅವ್ವ ಕೂತಲ್ಲಿ ನಿಂತಲ್ಲಿ ಒಂದೇ ಮಾತು ಹೇಳತೊಡಗಿದಳು.

"ಕುಡಿಯೋ ಗಂಡಿಗೆ ಹೆಣ್ಣ ಕೊಡ್ತಾರ, ಇಸ್ಪೀಟ ಆಡೋ ಗಂಡಿಗೂ ಕೊಡ್ತಾರ. ಕಾರ್ಟೂನ ನೋಡೋ ಗಂಡಿಗೆ ಯಾರ ಕೊಡ್ತಾರೋ?"

ಅವಳ ಮಾತಿಗೆ ಮೊದಲ ಸಾಕ್ಷಿ ರೋಣದಿಂದ ಬಂತು.

ಹೋದ ರೈಲು

ನಮ್ಮ ಕಡೆ ಗಂಡನ್ನು ಮೊದಲು ಕದ್ದು ನೋಡುವ ಪದ್ಧತಿ ಇದೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಗಿರಾಕಿಯ ಹಾಗೆ ಅಂಗಡಿಗೆ ಬರುತ್ತಾರೆ. ನಾಲ್ಕು ಸೀರೆ ಬಿಚ್ಚಿಸಿ, ಹುಡುಗನ ಮಾತು, ನಡತೆ, ಮುಖದ ಕಳೆ ಎಲ್ಲ ನೋಡಿಕೊಂಡು, ಹೆಂಗಸರನ್ನು ಕರೆದುಕೊಂಡು ಬರುತ್ತೇವೆ ಎಂದು ಎದ್ದು ಹೋಗುತ್ತಾರೆ. ಅಪ್ಪನಿಗೆ ಅಂಥವರ ವಾಸನೆ ಹತ್ತುತ್ತದೆ. ಬೆಲೆ ಕೇಳದೆ ಸೀರೆ ನೋಡುವವರು ಸಂಬಂಧ ನೋಡಲು ಬಂದವರೇ ಎಂದು ಅವನ ಲೆಕ್ಕ.

ಅವತ್ತು ಅಪ್ಪ ಊಟಕ್ಕೆ ಹೋಗಿದ್ದ. ನಾನು ಗಲ್ಲೆಯ ಹಿಂದೆ ಕೂತು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಅನಿಮೆ ನೋಡುತ್ತಿದ್ದೆ. ಹುಡುಗ ಓಡೋಡಿ ಸ್ಟೇಶನ್ನಿಗೆ ಬರುತ್ತಾನೆ, ಹುಡುಗಿ ಹತ್ತಿದ ರೈಲು ಆಗಲೇ ಹೊರಟುಹೋಗಿರುತ್ತದೆ. ಹಿಮ ಬೀಳುತ್ತಿರುತ್ತದೆ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ತಲೆ ಎತ್ತಿದರೆ ಎದುರಿಗೆ ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ನಿಂತಿದ್ದಾರೆ.

"ಯಾಕ ತಮ್ಮಾ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ?"

"ಅರಾಮ ಅದಾರ್ರಿ. ರೈಲು ಹೋತ್ರಿ," ಎಂದೆ, ಮೂಗು ಒರೆಸಿಕೊಳ್ಳುತ್ತ.

ಅವರು ತಿರುಗಿ ಹೊರಗೆ ನೋಡಿದರು. ಅಲ್ಲಿ ರೋಣದ ಬಸ್ಸು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಒಂದು ಸೀರೆಯ ಸೆರಗನ್ನು ಮುಟ್ಟಿದ ಹಾಗೆ ಮಾಡಿ, ಹೆಂಗಸರನ್ನು ಕರೆತರುವುದಾಗಿ ಹೇಳಿ ಅದೇ ಬಸ್ಸು ಹತ್ತಿದರು.

ವಾರದೊಳಗೆ ಮಧ್ಯಸ್ಥನ ಬಾಯಿಯಿಂದ ಉತ್ತರ ಬಂತು. "ಹುಡುಗ ಚಲೋ ಅದಾನ, ಅಂಗಡಿನೂ ಚಲೋ ನಡದೈತಿ. ಆದ್ರ ರೈಲ ಇಲ್ಲದ ಊರಾಗ ಕುಂತು ರೈಲ ಹೋತಂತ ಅಳ್ತಾನ. ಮೊದಲ ದವಾಖಾನಿಗೆ ತೋರಸ್ರಿ, ಆಮ್ಯಾಲೆ ಲಗ್ನದ ಮಾತು."

ಅವ್ವನ ಗುರುಗಳು

ಇಷ್ಟಾದರೂ ನಮ್ಮ ಮನೆಯಲ್ಲಿ ನನಗಿಂತ ದೊಡ್ಡ ಅಭಿಮಾನಿ ಅವ್ವ. ಈ ಮಾತು ಅವಳ ಮುಂದೆ ಹೇಳಿದರೆ ಕೊಡಲಿ ಹಿಡಿಯುತ್ತಾಳೆ. ಅವಳು ನೋಡುವುದಿಲ್ಲವಂತೆ, ರೊಟ್ಟಿ ಬಡಿಯುವಾಗ ಸುಮ್ಮನೆ ಕಣ್ಣು ಆ ಕಡೆ ಹೋಗುತ್ತದಂತೆ.

ಜೋಳದ ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿ ಇಡುತ್ತೇನೆ. ಅವರು ಆಡುವುದು ಜಪಾನಿ, ಕೆಳಗೆ ಬರುವುದು ಇಂಗ್ಲಿಷ್ ಅಕ್ಷರ, ನಾನು ಹೇಳುವುದು ಕನ್ನಡ, ಅವ್ವ ತಿಳಿದುಕೊಳ್ಳುವುದು ಬೇರೆಯೇ. ನಾವು ಬಹಳ ಕಾಲದಿಂದ ನೋಡುತ್ತಿರುವ ಒಂದು ಕಥೆಯಲ್ಲಿ ಕತ್ತಿವರಸೆ ಕಲಿಸುವ ವಯಸ್ಸಾದ ಗುರು ಇದ್ದಾರೆ. ಬಿಳಿ ಗಡ್ಡ, ನೆತ್ತಿಯ ಮೇಲೆ ಜುಟ್ಟು, ಕಾವಿ ಬಣ್ಣದ ನಿಲುವಂಗಿ, ಗುಡ್ಡದ ಮೇಲೆ ವಾಸ. ಅವ್ವನ ಮಟ್ಟಿಗೆ ಅವರು ಯಾವುದೋ ಮಠದ ಅಜ್ಜಾರು. ಅವರು ಪರದೆಯ ಮೇಲೆ ಬಂದ ಕೂಡಲೆ ಹಿಟ್ಟಿನ ಕೈಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಅವರು ಊಟಕ್ಕೆ ಕೂತಾಗ ಯಾರಾದರೂ ಯುದ್ಧಕ್ಕೆ ಬಂದರೆ ಅವಳಿಗೆ ಸಿಟ್ಟು ಬರುತ್ತದೆ. "ಹಿರೇರ ಉಣ್ಣಾಕತ್ತಾರ, ಕಣ್ಣ ಕಾಣಸಂಗಿಲ್ಲೇನ ಇವಕ್ಕ?"

ಅನಿಮೆಯಲ್ಲಿ ಹೊಡೆಯುವವರು ಹೊಡೆಯುವ ಮೊದಲು ಆ ಪೆಟ್ಟಿನ ಹೆಸರನ್ನು ದೊಡ್ಡ ದನಿಯಲ್ಲಿ ಕೂಗುತ್ತಾರೆ. ಗುರುಗಳ ಶಿಷ್ಯನೂ ಹಾಗೇ ಕೂಗಿದ. ವೈರಿ ಹಾರಿ ಪಕ್ಕಕ್ಕೆ ಸರಿದ. ಯಾಕೆ ಹಾಗೆ ಕೂಗುತ್ತಾರೆ ಎಂಬುದರ ಬಗ್ಗೆ ನಾನು ಬ್ಲಾಗಿನಲ್ಲಿ ದೊಡ್ಡದೊಂದು ಲೇಖನ ಬರೆದಿದ್ದೆ. ಅದನ್ನೇ ಅವ್ವನಿಗೆ ವಿವರಿಸಲು ಹೊರಟೆ.

"ನನಗೇನ ಹೇಳ್ತಿ," ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ. "ನೀ ಸಣ್ಣಾವಿದ್ದಾಗ ನಿಮ್ಮಪ್ಪಂದೂ ಇದ ಆಟ. 'ಬಂದೆ ನೋಡ, ಕೊಟ್ಟೆ ನೋಡ, ಬೆನ್ನ ಮುರದೆ ನೋಡ' ಅಂತ ಓಣಿ ತುಂಬ ಒದರೂದ್ರಾಗ ನೀ ಗುಡ್ಡ ಹತ್ತಿರತಿದ್ದಿ. ಇವತ್ತಿಗೂ ಒಂದು ಪೆಟ್ಟ ಕೊಟ್ಟಿಲ್ಲ ಅವ."

ಅಪ್ಪನ ಕೈಚಳಕ

ಬ್ಲಾಗಿನ ವಿಷಯ ಹೇಳಬೇಕು. ಓದುವವರು ಬೆರಳೆಣಿಕೆ, ಮಾತಾಡುವವರು ಅದಕ್ಕೂ ಕಡಿಮೆ. ನಾನು ಜೀವ ಸುರಿದು ಬರೆದ ಲೇಖನ ಒಂದಿತ್ತು. ಕಥೆಯಲ್ಲಿ ಮುಂದೆ ಆಗುವುದನ್ನು ಮೊದಲೇ ಹೇಳಿ ರುಚಿ ಕೆಡಿಸುವ ಜನರ ಮೇಲೆ ಬರೆದದ್ದು. ಅಂಥವರ ಸಂಗಡ ಈ ಜನ್ಮದಲ್ಲಿ ನಂಟು ಬೆಳೆಸುವುದಿಲ್ಲ, ಅವರ ಮನೆಯ ನೀರೂ ಕುಡಿಯುವುದಿಲ್ಲ ಎಂದು ಶಪಥ ಮಾಡಿದ್ದೆ. ಅದಕ್ಕೂ ಯಾರೂ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಒಂದು ದಿನ ಅಂಗಡಿಯ ಕಂಪ್ಯೂಟರಿನಲ್ಲಿ ಅಪ್ಪ ನನ್ನ ಬ್ಲಾಗು ಕಂಡ. ಬಹಳ ಹೊತ್ತು ಓದಿದ.

"ಚಲೋ ಬರದಿ," ಎಂದ. "ಓದಿದವ್ರು ಏನ ತಗೊಂಡ್ರು?"

"ಏನೂ ತಗೊಳ್ಳೋದಿಲ್ಲಪ್ಪಾ. ಓದ್ತಾರ, ಅಷ್ಟ."

"ಓದಾಕ ಬಂದವ್ರನ್ನ ಬರಿಗೈಲೆ ಕಳಸ್ತೀಯಲ್ಲೋ," ಎಂದು ಮರುಗಿದ.

ಮರುವಾರ ನೋಡಿದರೆ ನನ್ನ ಎಲ್ಲ ಬರಹಗಳ ಕೆಳಗೆ ಒಂದೊಂದು ಸಾಲು ಸೇರಿತ್ತು. ಕಥಾನಾಯಕಿ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡು ಕಣ್ಣೀರಿಡುವ ಲೇಖನದ ಕೆಳಗೆ, 'ಈಕೆ ಉಟ್ಟಂಥ ಅಂಚಿನ ಸೀರೆಗಳು ನಮ್ಮಲ್ಲಿ ಯೋಗ್ಯ ದರದಲ್ಲಿ ದೊರೆಯುತ್ತವೆ.' ನಾನು ಹಾರಾಡಿದೆ, ಅಳಿಸಿದೆ. ಆದರೆ ಅಷ್ಟರಲ್ಲಿ ಚಿಕ್ಕನರಗುಂದದಿಂದ ಯಾರೋ ಪ್ರತಿಕ್ರಿಯೆ ಬರೆದಿದ್ದರು. ಎಷ್ಟೋ ತಿಂಗಳಲ್ಲಿ ಬಂದ ಮೊದಲ ಪ್ರತಿಕ್ರಿಯೆ ಅದು. ಅಂಚು ಕೆಂಪಿನಲ್ಲೂ ಸಿಗುತ್ತದೆಯೇ ಎಂದು ಕೇಳಿದ್ದರು.

ಅದರ ಮೇಲೆ ಅಬ್ಬಿಗೇರಿಯ ತಾಯಿ ಮಗಳು ಮೊಬೈಲಿನಲ್ಲಿ ಆ ನಾಯಕಿಯ ಚಿತ್ರ ಹಿಡಿದುಕೊಂಡು ಅಂಗಡಿಗೇ ಬಂದರು. "ಈ ಹುಡುಗಿ ಉಟ್ಟಾಳಲ್ರಿ, ಅದ ಬೇಕ್ರಿ," ಎಂದಳು ಮಗಳು.

ಅದು ಬರಿ ಬಣ್ಣದ ಚಿತ್ರ, ಸೀರೆಯಲ್ಲ, ಜಪಾನಿನ ಉಡುಪು ಎಂದು ಹೇಳಲು ನಾನು ಬಾಯಿ ತೆರೆದೆ. ಅಪ್ಪ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಗುರುತ ಸಿಕ್ಕಿತವ್ವಾ, ನಮ್ಮ ಗಿರಾಕಿನ ಆಕಿ," ಎಂದ. "ಆ ನಮೂನಿ ಕಡೀದು ಆಕೀನ ಒಯ್ದಳು. ಅದಕ್ಕಿಂತ ಚಲೋದು ತೋರಸ್ತೀನಿ, ಕುಂದರ್ರಿ."

ನರಗುಂದದ ಬುತ್ತಿ

ಕೊನೆಗೆ ನರಗುಂದದಿಂದ ಒಂದು ಸಂಬಂಧ ಬಂತು. ಬೀಜ-ಗೊಬ್ಬರದ ವ್ಯಾಪಾರ ಮಾಡುವ ಮನೆತನ. ಹುಡುಗಿಯೇ ಅಂಗಡಿಯ ಗಲ್ಲೆಯ ಮೇಲೆ ಕೂಡುತ್ತಾಳೆ. ನಾವು ನೋಡಲು ಹೋದೆವು. ಅವಳು ನನ್ನನ್ನು ನೇರವಾಗಿ ನೋಡಿ ನಕ್ಕಳು, ನನಗೆ ಅವಳು ಬಹಳ ಇಷ್ಟವಾದಳು. ಇದು ತಪ್ಪಿದರೆ ಬೇರೆ ಹುಡುಗಿ ಬೇಡ ಎನ್ನುವಷ್ಟು ಇಷ್ಟವಾದಳು.

ಹೋಗುವ ಮೊದಲೇ ಅವ್ವ ತಾಕೀತು ಮಾಡಿದ್ದಳು, ನಿಶ್ಚಯ ಆಗುವತನಕ ಕಾರ್ಟೂನಿನ ಸುದ್ದಿ ಎತ್ತಕೂಡದು ಎಂದು. ಹಾಗಾಗಿ ಹುಡುಗಿ ನನ್ನ ಹವ್ಯಾಸ ಏನೆಂದು ಕೇಳಿದಾಗ "ಓದೋದು" ಎಂದೆ. ಸುಳ್ಳಲ್ಲ. ಪರದೆಯ ಕೆಳಗೆ ಬರುವುದನ್ನೆಲ್ಲ ಓದುತ್ತೇನಲ್ಲ.

ಎರಡೂ ಮನೆಗೆ ಒಪ್ಪಿಗೆಯಾಗಿ, ಫೋನ್ ನಂಬರು ಕೊಟ್ಟು ತೆಗೆದುಕೊಂಡು, ನಿಶ್ಚಯದ ದಿನ ಗೊತ್ತುಮಾಡುವುದಷ್ಟೇ ಉಳಿದಿತ್ತು. ಆಗ ಗುರುಗಳು ತೀರಿಕೊಂಡರು.

ಕಥೆಯ ಹೊಸ ಭಾಗವನ್ನು ಅಂಗಡಿಯಲ್ಲೇ ಕೂತು ಒಬ್ಬನೇ ನೋಡಿದೆ. ಶಿಷ್ಯನನ್ನು ಉಳಿಸಲು ಹೋಗಿ ಗುರುಗಳು ಕತ್ತಿಗೆ ಎದೆಯೊಡ್ಡಿದರು. ಬ್ಲಾಗಿಗೆ ಬರೆದೆ. ಅದು ಸಾಲದೆ, ನಮ್ಮೂರ ಸರ್ಕಲ್ಲುಗಳಲ್ಲಿ ಕಟ್ಟುವ ಬ್ಯಾನರಿನ ಹಾಗೆಯೇ ಮೊಬೈಲಿನಲ್ಲಿ ಒಂದು ಚಿತ್ರ ಮಾಡಿದೆ. ನಡುವೆ ಗುರುಗಳ ಮುಖ, ಸುತ್ತ ಚೆಂಡುಹೂವಿನ ಮಾಲೆ, ಎರಡು ಕಡೆ ದೀಪ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ. ನಮ್ಮನ್ನು ತಿದ್ದಿದ ಕೈ ಇನ್ನಿಲ್ಲ.' ಅದನ್ನು ನನ್ನ ಸ್ಟೇಟಸ್ಸಿಗೆ ಹಾಕಿ ಮಲಗಿದೆ.

ಈಗಿನ ಕಾಲದಲ್ಲಿ ಎಲ್ಲರೂ ತಮ್ಮ ಫೋಟೋವನ್ನು ಜಪಾನಿ ಚಿತ್ರದ ಹಾಗೆ ಮಾಡಿಸಿ ಹಾಕಿಕೊಳ್ಳುತ್ತಾರೆ. ನರಗುಂದದವರೂ ಇದು ನಮ್ಮ ಮನೆಯ ಯಾರೋ ಹಿರಿಯರ ಫೋಟೋ ಎಂದೇ ತಿಳಿದರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ವಿಚಾರಿಸುವುದು ಅವರ ಮನೆತನಕ್ಕೆ ಸಲ್ಲದ ಮಾತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ ಬೀಗರಾಗುವವರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟು ಬಂದರು. ಹುಡುಗಿಯ ಅಜ್ಜ, ಅಪ್ಪ, ಅವ್ವ, ಜೊತೆಗೆ ಸೋದರತ್ತಿ. ಹುಡುಗಿ ಮಾತ್ರ ಮನೆಯಲ್ಲೇ ಉಳಿದಿದ್ದಳು.

ನಾನು ಜಳಕದ ಮನೆಯಲ್ಲಿದ್ದೆ. ಅತ್ತಿ ಹೊಸ್ತಿಲಲ್ಲೇ ಬಾಯಿಗೆ ಸೆರಗು ಹಚ್ಚಿ ಅಳಲು ಶುರುಮಾಡಿದಳು. ನಮ್ಮ ಅವ್ವ ಗಾಬರಿಯಾದಳು. ಅವರ ಮನೆಯಲ್ಲಿ ಯಾರೋ ಹೋಗಿರಬೇಕು ಎಂದುಕೊಂಡಳು. ಯಾರು ಸತ್ತರು ಎಂದು ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾರು ಅಂತ ಅವಳೂ ಅತ್ತಿಯನ್ನು ಅಪ್ಪಿಕೊಂಡು ಅಳತೊಡಗಿದಳು. ಅಪ್ಪ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡ.

"ಹಾಸಿಗಿ ಹಿಡದಿದ್ರೇನ್ರಿ?" ಎಂದರು ಅಜ್ಜ.

"ನೀವ ಹೇಳಬೇಕ್ರಿ. ನಮಗ ನಿಮ್ಮನ್ನ ನೋಡಿದ ಮ್ಯಾಲೆನ ಗೊತ್ತಾಗಿದ್ದು," ಎಂದ ಅಪ್ಪ.

ಅಜ್ಜ ತಲೆಯಾಡಿಸಿದರು. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದುಕೊಂಡಿರಬೇಕು. ಅಷ್ಟರಲ್ಲಿ ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಅಜ್ಜ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಭಾಳ ಹಚಗೊಂಡಿದ್ರು ಅಂತ ಕಾಣತೈತಿ, ತಮ್ಮಾ. ನೀ ಹಾಕಿದ್ದು ನೋಡಿ ಮನಿಮಂದಿಯೆಲ್ಲಾ ಉಣಲಿಲ್ಲ."

ನನಗೆ ಆಗ ತಿಳಿಯಿತು. ಸುಳ್ಳು ಹೇಳೋಣವೆಂದರೆ ಯಾರನ್ನು ಸಾಯಿಸುವುದು? ಖರೆ ಹೇಳಿದರೆ ನರಗುಂದದ ಹುಡುಗಿ ಕೈಬಿಟ್ಟ ಹಾಗೆ. ಆದರೂ ಮನೆಮಂದಿ ಉಪವಾಸ ಇದ್ದರು ಅಂದ ಮೇಲೆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಯಾರೂ ತೀರಿಕೊಂಡಿಲ್ರಿ," ಎಂದೆ. "ನಾ ಜಪಾನಿನ ಕಾರ್ಟೂನ ನೋಡ್ತೀನ್ರಿ. ಅದರಾಗಿನ ಗುರುಗಳು ಹೋದ್ರು."

ಅವ್ವ ಸೆರಗು ಕೆಳಗಿಳಿಸಿ ನನ್ನನ್ನು ನೋಡಿದಳು.

"ಗುರುಗಳ ಹೋದ್ರಾ?" ಎಂದಳು. "ನಮ್ಮ ಗುರುಗಳಾ?" ಅಲ್ಲಿಯವರೆಗೆ ಮರ್ಯಾದೆಗೆ ಅಳುತ್ತಿದ್ದವಳು ಈಗ ಖರೆ ಖರೆ ಅಳಲು ಕೂತಳು.

ಏನು ಮಾಡಬೇಕೋ ತಿಳಿಯದೆ ಹುಡುಗಿಯ ಅತ್ತಿಯೂ ಮತ್ತೆ ಶುರುಮಾಡಿದಳು. ಹುಡುಗಿಯ ಅಪ್ಪ ಚಪ್ಪಲಿಯ ಕಡೆ ನೋಡಿದರು. ಅಜ್ಜ ಮಾತ್ರ ಬುತ್ತಿಯ ಗಂಟನ್ನೇ ನೋಡುತ್ತ ಯೋಚಿಸುತ್ತಿದ್ದರು. ತಂದ ಬುತ್ತಿ ವಾಪಸ್ ಒಯ್ಯಬಾರದು. ಸಾವಿಲ್ಲದ ಮನೆಯಲ್ಲಿ ಅದನ್ನು ಬಿಚ್ಚಲೂಬಾರದು.

"ಅತ್ತದ್ದಂತೂ ಅತ್ತೇವಿ," ಎಂದರು ಕೊನೆಗೆ. "ಸತ್ತವ್ರ ಯಾರಂತರ ನೋಡೂಣು. ಹಚ್ಚ, ತಮ್ಮಾ."

ಟಿವಿಗೆ ಹಚ್ಚಿದೆ. ಅವ್ವ ಕಣ್ಣೀರು ಒರೆಸಿಕೊಳ್ಳುತ್ತಲೇ ಯಾರು ಯಾರಿಗೆ ಏನಾಗಬೇಕು ಎಂದು ಎಲ್ಲರಿಗೂ ಬಿಡಿಸಿ ಹೇಳಿದಳು. ಗುರುಗಳು ಎದೆಯೊಡ್ಡಿದಾಗ ಹುಡುಗಿಯ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮುಗಿದ ಮೇಲೆ ಅಜ್ಜ ದೊಡ್ಡ ಉಸಿರು ಬಿಟ್ಟರು. "ಇಂಥಾ ಹಿರೇರಿಗೆ ಬುತ್ತಿ ತಂದದ್ದು ತಪ್ಪಲ್ಲ. ಬಿಚ್ಚರ್ರಿ," ಎಂದರು.

ಎಲ್ಲರೂ ಕೂತು ಉಂಡೆವು. ಧೈರ್ಯ ಬಂದ ಅಪ್ಪ ಬರುವ ಸೋಮವಾರ ನಿಶ್ಚಯ ಇಟ್ಟುಕೊಳ್ಳೋಣವೇ ಎಂದು ಕೇಳಿದ. ಅಜ್ಜ ತುತ್ತು ಕೆಳಗಿಟ್ಟು ಅವನನ್ನು ಬೆರಗಿನಿಂದ ನೋಡಿದರು.

"ಎಂಥಾ ಮಾತ ಆಡ್ತೀರಿ? ಗುರುಗಳ ದಿನಕರ್ಮ ಆಗೂತನ ಶುಭಕಾರ್ಯ ಹ್ಯಾಂಗ ಮಾಡಾಕ ಬರತೈತಿ?"

ಅವರು ಊರು ಮುಟ್ಟಿದ ಮೇಲೆ, ಸಂಜೆ, ಹುಡುಗಿಯಿಂದ ನನ್ನ ಮೊಬೈಲಿಗೆ ಸಂದೇಶ ಬಂತು. 'ಓದೋದು ಅಂದಿದ್ರಲ್ಲ, ಇದೇನ್ರಿ? ಇರಲಿ, ಅಳಬ್ಯಾಡ್ರಿ. ನಾ ನೆಟ್ಟಿನ್ಯಾಗ ಆ ಕಥಿ ಪುಸ್ತಕ ಹುಡುಕಿ ನೋಡೀನಿ. ಇನ್ನೆರಡು ಭಾಗ ಆದ ಮ್ಯಾಲೆ ಗುರುಗಳು ಎದ್ದು ಬರ್ತಾರ. ಅಜ್ಜಗ ಮಾತ್ರ ಹೇಳಬ್ಯಾಡ್ರಿ, ಬುತ್ತಿ ವಾಪಸ್ ಕೇಳ್ತಾನ.'

ಕಥೆಯಲ್ಲಿ ಮುಂದೆ ಆಗುವುದನ್ನು ಮೊದಲೇ ಹೇಳುವವರ ಮನೆಯ ನೀರೂ ಕುಡಿಯುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಲೇಖನವನ್ನು ಆಗಲೇ ಬ್ಲಾಗಿನಿಂದ ತೆಗೆದುಹಾಕಿದೆ.