ಗಂಟೆಯವ್ವನ ಹಾಜರಿ ಪಟ್ಟಿ

ಸಂಬಳ ಕೊಟ್ಟು ಮಾಡಿಸಿದ ಕೆಲಸ ಕೆಟ್ಟರೆ ಬೈಯಬಹುದು. ಪುಕ್ಕಟೆ ಸೇವೆ ಕೆಟ್ಟರೆ ನಗುವುದೊಂದೇ ದಾರಿ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಶಿರಸಿಯ ನಮ್ಮ ಪುಟ್ಟ ಚರ್ಚಿನಲ್ಲಿ ಎಲ್ಲವೂ ಪುಕ್ಕಟೆ ಸೇವೆಯೇ ಆದ್ದರಿಂದ ನಗುವುದಕ್ಕೆ ವಾರಕ್ಕೊಂದು ಕಾರಣವಾದರೂ ಸಿಗುತ್ತಿತ್ತು. ನಾನು ಅಲ್ಲಿನ ಪೋಸ್ಟಾಫೀಸಿನಲ್ಲಿ ಗುಮಾಸ್ತ. ವರ್ಗವಾಗಿ ಬಂದ ಎರಡನೇ ಭಾನುವಾರವೇ, ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ, ನನ್ನನ್ನು ಸಭೆಯ ಕಾರ್ಯದರ್ಶಿ ಮಾಡಿಬಿಟ್ಟರು.

೧. ಗೆದ್ದಲು

ಅದೇ ತಿಂಗಳು ಬಿಷಪ್ಪರ ಕಾಗದ ಬಂತು. ಶಿರಸಿಯಲ್ಲಿ ದೊಡ್ಡವರು ಇಪ್ಪತ್ತೈದು ಮಂದಿಯಾದರೂ ಸದಸ್ಯರಿದ್ದರೆ ಪಾದ್ರಿಗಳು ಅಲ್ಲೇ ಇರಲಿ, ಒಬ್ಬರು ಕಡಿಮೆಯಾದರೂ ಹುಬ್ಬಳ್ಳಿಗೆ ಕರೆಸಿಕೊಳ್ಳುತ್ತೇನೆ, ಮಳೆಗಾಲ ಮುಗಿದ ಮೇಲೆ ನಾನೇ ಬಂದು ನೋಡುತ್ತೇನೆ ಎಂದು ಅದರಲ್ಲಿತ್ತು. ನಮ್ಮ ಪಾದ್ರಿಗಳು ಮಂಗಳೂರು ಕಡೆಯವರು. ಶಿರಸಿಯ ಜೊತೆಗೆ ಸಿದ್ದಾಪುರ, ಯಲ್ಲಾಪುರವನ್ನೂ ಬಸ್ಸಿನಲ್ಲಿ ಓಡಾಡಿ ನೋಡಿಕೊಳ್ಳುತ್ತಿದ್ದರು. ಅವರು ಹೋದರೆ ಮದುವೆಗೂ ಮಣ್ಣಿಗೂ ನಾವು ಹುಬ್ಬಳ್ಳಿ ಬಸ್ಸಿನ ದಾರಿ ಕಾಯಬೇಕು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸದಸ್ಯರ ಪುಸ್ತಕ ತೆಗೆದರೆ ರಟ್ಟು ಎರಡೂ ಇದ್ದವು, ನಡುವಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಹೊಸ ಪುಸ್ತಕ ಹೊಲಿಸಿ, ಮೂರು ಭಾನುವಾರ ಬಾಗಿಲಲ್ಲಿ ನಿಂತು ಬಂದವರ ಹೆಸರು ಬರೆದುಕೊಂಡೆ. ಮೊದಲ ಹೆಸರು ಗಂಟೆಯವ್ವನದು. ಬನವಾಸಿ ಕಡೆಯ ವಿಧವೆ, ಚರ್ಚಿನ ಪಕ್ಕದಲ್ಲೇ ಮನೆ. ಗುಡಿಸುವುದು, ಹೂ ಇಡುವುದು, ಗಂಟೆ ಹೊಡೆಯುವುದು ಎಲ್ಲ ಅವಳೇ. ಗಂಟೆ ಕೇಳಿಯೂ ಬರದವರ ಮನೆಗೆ ಸೋಮವಾರ ಬೆಳಿಗ್ಗೆ ಹೋಗಿ ಯಾಕೆ ಬರಲಿಲ್ಲ ಎಂದು ವಿಚಾರಿಸುವವಳೂ ಅವಳೇ. ಹಾಗಾಗಿ ಜನ ದೇವರಿಗೆ ಹೆದರಿ ಬರುತ್ತಿದ್ದರೋ ಸೋಮವಾರಕ್ಕೆ ಹೆದರಿ ಬರುತ್ತಿದ್ದರೋ ಹೇಳುವುದು ಕಷ್ಟ. ರೊಟ್ಟಿ-ದ್ರಾಕ್ಷಾರಸದ ಪ್ರಸಾದ ತೆಗೆದುಕೊಳ್ಳಲು ಮಾತ್ರ ಅವಳು ಹಿಂದಿನ ಬೆಂಚಿನಿಂದ ಏಳುತ್ತಿರಲಿಲ್ಲ. ಏನು ವಿನಯ ಅಂದುಕೊಂಡೆ.

ಎಣಿಸಿದರೆ ಸರಿಯಾಗಿ ಇಪ್ಪತ್ತೈದು. ಪಾದ್ರಿಗಳು ಪುಸ್ತಕ ಮಗುಚಿ, ಗೆದ್ದಲು ತಿಂದದ್ದೇ ಒಳ್ಳೆಯದಾಯಿತು, ಹಳೆಯದರಲ್ಲಿ ಅರ್ಧ ಜನ ಸತ್ತವರೇ ಇದ್ದರು ಅಂದರು.

೨. ಬೂದಿ ಬುಧವಾರ

ಉಪವಾಸದ ದಿನಗಳು ಶುರುವಾಗುವ ಬುಧವಾರ ಪಾದ್ರಿಗಳು ಎಲ್ಲರ ಹಣೆಗೂ ಬೂದಿ ಹಚ್ಚುವ ಪದ್ಧತಿ. ಆ ಸಂಜೆ ಗಂಟೆಯವ್ವ ಹಗ್ಗ ಜಗ್ಗುವಾಗ, ಯಾವಾಗಲೂ ಹುಬ್ಬಿನ ತನಕ ಇರುತ್ತಿದ್ದ ಸೆರಗು ಜಾರಿತು. ನೋಡಿದರೆ ಹಣೆಯ ಮೇಲೆ ಆಗಲೇ ಬೂದಿ, ಅಚ್ಚುಕಟ್ಟಾಗಿ ಮೂರು ಗೆರೆ.

ಪಾದ್ರಿಗಳ ಕಣ್ಣು ತುಂಬಿ ಬಂತು. ಆ ದಿನದ ಉಪದೇಶವನ್ನೇ ಬದಲಾಯಿಸಿ, ನೀವೆಲ್ಲ ನಾನು ಹಚ್ಚಲಿ ಎಂದು ಕಾಯುತ್ತೀರಿ, ಈ ತಾಯಿ ಮನೆಯಿಂದಲೇ ಸಿದ್ಧವಾಗಿ ಬಂದಿದ್ದಾಳೆ ಎಂದು ಅರ್ಧ ಗಂಟೆ ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಊರಿನವರು ಕೆಮ್ಮಿದರು. ನಾನು ಹೊಸಬ, ಬೂದಿಯ ಧೂಳಿಗೆ ಕೆಮ್ಮುತ್ತಾರೆ ಅಂದುಕೊಂಡೆ.

೩. ಹಾರ್ಮೋನಿಯಂ ಘಟ್ಟ ಇಳಿದದ್ದು

ಈಸ್ಟರಿಗೆ ಯಲ್ಲಾಪುರದಲ್ಲಿ ಹಾಡಲು ಹೋದೆವು. ಹಾರ್ಮೋನಿಯಂ ಬಾರಿಸುವವರು ನಮ್ಮ ಶಾಲಾ ಮಾಸ್ತರರು. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿಸಿದ್ದೆವು. ಯಲ್ಲಾಪುರ ಬಂದಾಗ ಅವರು ಇಳಿಸಿದರು ಅಂತ ನಾನು, ನಾನು ಇಳಿಸಿದೆ ಅಂತ ಅವರು ಅಂದುಕೊಂಡೆವು. ಪೆಟ್ಟಿಗೆ ಮಾತ್ರ ಅದೇ ಬಸ್ಸಿನಲ್ಲಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಯಿತು.

ಬೇರೆ ದಾರಿಯಿಲ್ಲದೆ ಬಾಯಲ್ಲೇ ಹಾಡಿದೆವು. ಆರಾಧನೆ ಮುಗಿದ ಮೇಲೆ ಯಲ್ಲಾಪುರದವರು ಬಂದು ಮಾಸ್ತರರ ಕೈ ಕುಲುಕಿ, ಇಷ್ಟು ವರ್ಷದಲ್ಲಿ ಹಾಡು ಇಂಪಾಗಿ ಕೇಳಿದ್ದು ಇವತ್ತೇ ಎಂದು ಹೊಗಳಿದರು.

೪. ಉತ್ತರ ಬಾರದ ಕಾಗದ

ಮಳೆಗಾಲದಲ್ಲಿ ಪಾದ್ರಿಗಳು ಜ್ವರ ಹಿಡಿದು ಮಲಗಿದರು. ಸಿದ್ದಾಪುರಕ್ಕೆ ಹೋಗಿ ಬೈಬಲ್ ವಾಚನ ಮಾಡಿ ಬರುವ ಸೇವೆ ನನ್ನ ತಲೆಗೆ ಬಂತು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ, ಆಮೇಲೆ ಎರಡನೆಯ ಪತ್ರ, ಎರಡರಿಂದಲೂ ಗಟ್ಟಿಯಾಗಿ ಓದಿದೆ.

ಮುಗಿದ ಮೇಲೆ ನಿವೃತ್ತ ಫಾರೆಸ್ಟ್ ಗಾರ್ಡೊಬ್ಬರು ಹತ್ತಿರ ಬಂದು, ನಾನು ಎಲ್ಲಿ ಕೆಲಸದಲ್ಲಿರುವುದು ಎಂದು ಕೇಳಿದರು. ಪೋಸ್ಟಿನಲ್ಲಿ ಅಂದೆ. ಅವರ ಮುಖ ಗಂಟಾಯಿತು. "ಅದಕ್ಕೇ ಮತ್ತೆ. ಎರಡೆರಡು ಕಾಗದ ಬರೆದರೂ ಆ ಪುಣ್ಯಾತ್ಮನಿಗೆ ಒಂದು ಉತ್ತರ ಬರಲಿಲ್ಲ. ಮಧ್ಯ ಎಂತ ಮಾಡ್ತೀರಿ ನೀವೆಲ್ಲ?" ಅಂದರು.

೫. ಬಿಷಪ್ಪರು ಬಂದರು

ಮಳೆ ನಿಂತಿತು, ಬಿಷಪ್ಪರು ಬರುವ ಭಾನುವಾರವೂ ಬಂತು. ಎಂಟು ಗಂಟೆಯಾದರೂ ಅವರ ಕಾರಿಲ್ಲ. ಸ್ವಲ್ಪ ತಡೆದು ಗಂಟೆ ಹೊಡೆಯಮ್ಮಾ ಎಂದು ಪಾದ್ರಿಗಳು ಬೇಡಿಕೊಂಡರು. ದೇವರಿಗೊಂದು ಗಂಟಿ, ಸಾಹೇಬರಿಗೊಂದು ಗಂಟಿ ಅದಾವೇನ್ರಿ ಎಂದು ಕೇಳಿ ಅವಳು ಹೊಡೆದೇಬಿಟ್ಟಳು. ಟೈರು ಪಂಕ್ಚರಾಗಿ ಬಿಷಪ್ಪರು ಬಂದಾಗ ನಾವು ಎರಡನೇ ಹಾಡಿನಲ್ಲಿದ್ದೆವು.

ಆರಾಧನೆಯಾದ ಮೇಲೆ ಅವರು ಪುಸ್ತಕ ಬಿಡಿಸಿ, ಮೊದಲ ಹೆಸರನ್ನೇ ಕರೆದರು. ಗಂಟೆಯವ್ವ ಎದ್ದು ನಿಂತಳು. ದೀಕ್ಷಾಸ್ನಾನ ಯಾವ ಊರಿನಲ್ಲಾಯಿತಮ್ಮಾ ಎಂದು ಕೇಳಿದರು.

"ನನಗ ಅದೆಲ್ಲ ಆಗಿಲ್ರಿ. ನಾವು ಲಿಂಗಾ ಕಟ್ಟಿದ ಮಂದಿ," ಅಂದಳು. ಹಿಂದೆ ಇಲ್ಲಿ ಒಬ್ಬರು ನರ್ಸಬಾಯಿ ಇದ್ದರಂತೆ. ರಜೆಗೆ ಊರಿಗೆ ಹೋಗುವಾಗ, ನಾನು ಬರುವ ತನಕ ಗಂಟೆ ನೋಡಿಕೋ ಎಂದು ಗೆಳತಿಯಾದ ಇವಳಿಗೆ ಹೇಳಿ ಹೋದವರು ಇನ್ನೂ ಬಂದಿರಲಿಲ್ಲ. ಇವಳು ಇನ್ನೂ ನೋಡಿಕೊಳ್ಳುತ್ತಲೇ ಇದ್ದಳು, ಅಷ್ಟೆ.

ಪಾದ್ರಿಗಳಿಗೆ ಆ ಬುಧವಾರದ ಮೂರು ಗೆರೆ ನೆನಪಾಗಿರಬೇಕು, ಕುರ್ಚಿ ಹಿಡಿದುಕೊಂಡರು. ಊರಿನವರು ಮತ್ತೆ ಕೆಮ್ಮಿದರು. ಇದನ್ನು ಬರೆದವರು ಯಾರು ಎಂದು ಬಿಷಪ್ಪರು ಕೇಳಿದರು. ನಾನು ಕೈ ಎತ್ತಿದೆ. ಹಾಗಾದರೆ ಇಪ್ಪತ್ನಾಲ್ಕು ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು. ಪಾದ್ರಿಗಳು ಹೋದಂತೆಯೇ ಎಂದುಕೊಂಡೆ.

ಗಂಟೆಯವ್ವ ಇನ್ನೂ ಕೂತಿರಲಿಲ್ಲ.

"ನನ್ನ ಹೆಸರು ಹೊಡದು ಹಾಕ್ರಿ ಸಾಹೇಬ್ರ, ನಂದೇನೂ ತಕರಾರಿಲ್ಲ. ಆದ್ರ ಆಮ್ಯಾಲೆ ಇಪ್ಪತ್ನಾಲ್ಕು ಅಂತ ಬರೀಬ್ಯಾಡ್ರಿ. ನಾ ಗಂಟಿ ಹೊಡದು, ಸೋಮವಾರ ಮನಿಮನಿಗೆ ಹೋಗಿ ಕೇಳದಿದ್ರ ಇವರೊಳಗ ಒಬ್ಬರೂ ಬರೂದಿಲ್ಲ. ಸೊನ್ನಿ ಬರೀರಿ."

ಇಪ್ಪತ್ನಾಲ್ಕು ಮಂದಿಯಲ್ಲಿ ಒಬ್ಬರೂ ಅಲ್ಲವೆನ್ನಲಿಲ್ಲ. ಬಿಷಪ್ಪರು ನಮ್ಮನ್ನು ಒಂದು ಸಲ ನೋಡಿದರು, ಅವಳನ್ನು ಒಂದು ಸಲ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು. ಪಾದ್ರಿಗಳು ಇಲ್ಲೇ ಇರಲಿ, ಪುಸ್ತಕವೂ ಹೀಗೇ ಇರಲಿ ಎಂದು ಹೇಳಿ ನನ್ನ ಕೈಗೆ ಕೊಟ್ಟರು.

ಹೊರಡುವಾಗ ಅವರು ಕಾರಿನ ಬಾಗಿಲಲ್ಲಿ ನಿಂತು ಕೈಮುಗಿದು, ಬರುತ್ತೇನಮ್ಮಾ ಅಂದರು.

"ಬರ್ರಿ," ಅಂದಳು ಗಂಟೆಯವ್ವ. "ಇವತ್ತು ಮೊದಲನೇ ಸಲ ಅಂತ ಬಿಟ್ಟೀನಿ. ಇನ್ನೊಮ್ಮೆ ತಡಾ ಮಾಡಿದ್ರ ಸೋಮವಾರ ನಿಮ್ಮ ಮನಿಗೂ ಬರ್ತೀನಿ."