ವೀಲಾಂಡನ ಇಪ್ಪತ್ತೊಂದು ಡಿಗ್ರಿ

ಒಂದಾನೊಂದು ಊರಿನಲ್ಲಿ, ಏಳು ಸಮುದ್ರಗಳಾಚೆ ಏನಲ್ಲ, ಬಾಲ್ಟಿಕ್ ಎಂಬ ಒಂದೇ ಸಮುದ್ರದ ಬಗಲಿನ ಜರ್ಮನಿಯ ಲ್ಯೂಬೆಕ್‌ನಲ್ಲಿ, ಹದಿನಾರು ಮನೆಗಳ ಹೊಸ ಕಟ್ಟಡವೊಂದಿತ್ತು. ಅದರ ತಾರಸಿಯ ಮೇಲೆ ಒಬ್ಬ ತಗಡಿನ ರಾಕ್ಷಸ ವಾಸವಾಗಿದ್ದ. ಹೊರಹೋಗುವ ಹಳೆಯ ಗಾಳಿಯಿಂದ ಬಿಸಿಯನ್ನು ಕಸಿದು, ಒಳಬರುವ ಹೊಸ ಗಾಳಿಗೆ ಹೊದಿಸಿ ಕಳಿಸುವುದು ಅವನ ಕೆಲಸ. ರಾಕ್ಷಸನನ್ನು ನೋಡಿಕೊಳ್ಳುವುದು ಎಂಜಿನಿಯರ್ ವೀಲಾಂಡ್ ಕ್ರೋಗರನ ಕೆಲಸ. ರಾಕ್ಷಸನದು ಒಂದೇ ಷರತ್ತು: ಯಾರೂ ಕಿಟಕಿ ತೆಗೆಯಬಾರದು; ತೆಗೆದರೆ ಇಡೀ ಕಟ್ಟಡದ ಬಿಸಿ ಸೋರಿಹೋಗುತ್ತದೆ.

ಚಳಿಗಾಲದಲ್ಲೂ ಕಿಟಕಿ ತೆಗೆದು ಗಾಳಿಯಾಡಿಸುವ ಜರ್ಮನರಿಗೆ ಹಾಗೆ ಹೇಳುವುದೆಂದರೆ ಬಾತುಕೋಳಿಗೆ ಕೆರೆಗಿಳಿಯಬೇಡ ಎಂದಂತೆ.

ಜನವರಿಯ ಒಂದು ದಿನ ವೀಲಾಂಡನ ಆರು ತಿಂಗಳ ಪರೀಕ್ಷಾವಧಿ ಮುಗಿಯುವುದಿತ್ತು. ನಿವಾಸಿಗಳ ಸಂಘದ ಅಧ್ಯಕ್ಷ ಜಾಟ್ಲರ್ ಬೆಳಿಗ್ಗೆಯೇ ಎಚ್ಚರಿಸಿದ. "ನಾಲ್ಕು ಗಂಟೆಗೆ ತಪಾಸಣೆಯವರು ಬರ್ತಾರೆ. ಸಭಾಕೋಣೆ ಇಪ್ಪತ್ತೊಂದು ಡಿಗ್ರಿ ಇದ್ರೆ ನಿಮ್ಮ ಕೆಲಸ ಕಾಯಂ. ಇಲ್ದಿದ್ರೆ..."

"ಇರುತ್ತೆ ಸಾರ್. ನಾನು ಮಾತು ಕೊಡ್ತೀನಿ."

ಮಾತು ಕೊಟ್ಟವನು ಸಭಾಕೋಣೆಯ ತಾಪಮಾಪಕ ನೋಡಿದ. ಹದಿನೇಳು!

ಎರಡನೇ ಮಹಡಿಯಲ್ಲಿ ಮುದುಕಿ ಫ್ರೌ, ಅಂದರೆ ಶ್ರೀಮತಿ, ಓಪಿಟ್ಸ್ ಕಿಟಕಿಗಳನ್ನೆಲ್ಲ ಹಾರುಹೊಡೆದಿದ್ದಳು. ಅವಳ ದುಪ್ಪಟಿ ನಾಲಿಗೆಯಂತೆ ಬೀದಿಗೆ ಚಾಚಿತ್ತು.

"ಅಯ್ಯೋ, ಹೊರಗೆ ಮೈನಸ್ ಆರು!" ಎಂದ ವೀಲಾಂಡ್.

"ಅದಕ್ಕೇ ತೆಗ್ದಿದ್ದು ಕಣಪ್ಪ. ರಾತ್ರಿಯೆಲ್ಲ ಉಸಿರು ಬಿಟ್ಟ ಗಾಳೀಲೇ ನಿಮ್ಮಮ್ಮ ನಿನ್ನ ಬೆಳೆಸಿದ್ಳಾ?"

"ಗಾಳೀನ ಯಂತ್ರವೇ ಬದಲಾಯಿಸುತ್ತಮ್ಮ."

"ಯಂತ್ರ ಬದಲಾಯಿಸಿದ್ದನ್ನ ಕಂಡೋರು ಯಾರು? ನಾನು ಕಿಟಕಿ ತೆಗ್ದಿದ್ದು ಬೀದಿಗೆಲ್ಲ ಕಾಣ್ಸುತ್ತೆ."

ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಲೋಝೆ ತೆರೆದ ಕಿಟಕಿಯ ಮುಂದೆ ಗಡಿಯಾರ ಹಿಡಿದು ನಿಂತಿದ್ದರು. "ಐದೇ ನಿಮಿಷ ರೀ! ಮಧ್ಯೆ ಮುಚ್ಚಿಸಿದ್ರೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ."

ಹದಿನಾರು ಮನೆ, ದಿನಕ್ಕೆ ಮೂರು ಸಲ, ಒಬ್ಬೊಬ್ಬರದು ಒಂದೊಂದು ಹೊತ್ತು. ಬೆರಳು ಮಡಚಿ ಲೆಕ್ಕ ಹಾಕಿದ ವೀಲಾಂಡ್ ಮೆಟ್ಟಿಲ ಮೇಲೆ ಕುಸಿದ. ಲಿಫ್ಟಿನಲ್ಲಿ 'ದಯವಿಟ್ಟು ಕಿಟಕಿ ತೆಗೆಯಬೇಡಿ' ಎಂದು ಚೀಟಿ ಅಂಟಿಸಿದ. ಅದನ್ನು ಖಂಡಿಸಲು ಸಭಾಕೋಣೆಯಲ್ಲಿ ತುರ್ತುಸಭೆ ಸೇರಿತು. ಇಷ್ಟು ಜನ ಸೇರಿದರೆ ಗಾಳಿ ಕೆಡುತ್ತದೆಂದು ಅಲ್ಲಿನ ಕಿಟಕಿಗಳೂ ತೆರೆದುಕೊಂಡವು. ಹದಿನೈದು!

ಮಧ್ಯಾಹ್ನ ಒಂದು ಗಂಟೆಗೆ ವೀಲಾಂಡ್ ಎಣ್ಣೆಡಬ್ಬಿ ಹಿಡಿದು ಮನೆಮನೆಯ ಬಾಗಿಲು ಬಡಿದ. "ಕಿಟಕಿ ಹಿಡಿಗಳಿಗೆ ಎಣ್ಣೆ ಹಾಕಿ ತರ್ತೀನಿ. ಉಚಿತ ಸೇವೆ."

ಉಚಿತ ಎಂದೊಡನೆ ಎಲ್ಲರೂ ಕಿಟಕಿ ಮುಚ್ಚಿ ಹಿಡಿಗಳನ್ನು ತಾವೇ ಬಿಚ್ಚಿಕೊಟ್ಟರು; ಸಭಾಕೋಣೆಯವನ್ನು ವೀಲಾಂಡನೇ ಬಿಚ್ಚಿದ. ಹಿಡಿಯಿಲ್ಲದ ಕಿಟಕಿಗಳು ಬಾಯಿ ಹೊಲಿಸಿಕೊಂಡವರಂತೆ ಸುಮ್ಮನಾದವು. ಮೂರು ಐವತ್ತೈದಕ್ಕೆ ಮಾಪಕ ಇಪ್ಪತ್ತೊಂದು ಮುಟ್ಟಿತು. ವೀಲಾಂಡ್ ಅದಕ್ಕೆ ಮುತ್ತಿಡುವುದೊಂದು ಬಾಕಿ.

ನಾಲ್ಕಕ್ಕೆ ಸರಿಯಾಗಿ ತಪಾಸಣಾಧಿಕಾರಿ ಫ್ರೌ ಟೆರ್ಬ್ರೂಗೆನ್ ಬಂದಳು. ಹಿಂದೆಯೇ ಇಡೀ ಕಟ್ಟಡ ನೆರೆಯಿತು.

"ಇಪ್ಪತ್ತೊಂದು. ಭೇಷ್." ಪೆನ್ನು ಕಾಗದದ ಮೇಲೆ ಇಳಿಯಿತು. ಅಲ್ಲೇ ನಿಂತಿತು. ಅವಳ ಮೂಗು ಎರಡು ಸಲ ಅರಳಿತು. "ಇಲ್ಲಿ ಗಾಳಿಯಾಡಿಸಿ ಎಷ್ಟು ಹೊತ್ತಾಯ್ತು?"

"ಮೂರು ಗಂಟೆ," ಎಂದಳು ಓಪಿಟ್ಸ್, ಕೊಲೆಗೆ ಸಾಕ್ಷಿ ನುಡಿಯುವವಳಂತೆ. "ಹಿಡಿಗಳನ್ನೆಲ್ಲ ಇವನೇ ಹೊತ್ಕೊಂಡು ಹೋದ."

"ಎಣ್ಣೆ ಹಾಕೋಕೆ ಮೇಡಂ," ವೀಲಾಂಡ್ ತೊದಲಿದ. "ಈಗ ತೆಗೆಯೋಕಾಗಲ್ಲ, ಹಿಡಿನೇ ಇಲ್ಲ."

ಆಕೆ ಕೈಚೀಲಕ್ಕೆ ಕೈಹಾಕಿದಳು. ಕರವಸ್ತ್ರ ಬಂತು, ಬ್ರೆಡ್ಡಿನ ಪೊಟ್ಟಣ ಬಂತು, ಆಮೇಲೆ ಹೊಳೆಯುವ ಒಂದು ಕಿಟಕಿ ಹಿಡಿ ಬಂತು! 

"ಹೋಟೆಲಿನವರು ಕಿಟಕಿ ತೆಗೆಯೋಕೆ ಬಿಡಲ್ಲ ನೋಡಿ. ಇಪ್ಪತ್ತು ವರ್ಷದಿಂದ ಇದನ್ನ ಜೊತೇಲೇ ಇಟ್ಕೊಂಡಿದೀನಿ."

ಕಿಟಕಿಗಳು ತೆರೆದವು. ಚಪ್ಪಾಳೆ ಬಿತ್ತು. ಲೋಝೆ ಮೇಷ್ಟ್ರು ಐದು ನಿಮಿಷ ಎಣಿಸಿದರು. "ಕೆಟ್ಟ ಗಾಳಿಯ ಅಳತೆ ಅಳತೆಯೇ ಅಲ್ಲ," ಎಂದು ಅಧಿಕಾರಿಣಿ ಮಾಪಕ ನೋಡಿ ಬರೆದುಕೊಂಡಳು: ಹದಿನಾಲ್ಕು.

ಜಾಟ್ಲರ್ ಜೇಬಿನಿಂದ ಪತ್ರ ತೆಗೆದ. ಕಾಯಂ ಪತ್ರ ಬಲಜೇಬಿನಲ್ಲಿತ್ತು. ಅವನು ತೆಗೆದದ್ದು ಎಡಜೇಬಿನಿಂದ.

ನಿವಾಸಿಗಳು ತಂತಮ್ಮ ಹಿಡಿ ಕಿತ್ತುಕೊಂಡು, ಮನಸಾರೆ ಗಾಳಿಯಾಡಿಸಿ, ಅಧಿಕಾರಿಣಿಯನ್ನು ಮುಂದಿಟ್ಟುಕೊಂಡು ಎದುರಿನ ಬಿಯರ್ ಮನೆಗೆ ಹೊರಟರು. ಹೊರಡುವ ಮುನ್ನ ಹದಿನಾರು ಮನೆಯವರೂ ಕಿಟಕಿ ಭದ್ರವಾಗಿ ಮುಚ್ಚಿದರು. ತೆರೆದ ಕಿಟಕಿಯಿಂದ ಕಳ್ಳ ನುಗ್ಗಿದರೆ ವಿಮೆಯವರು ಬಿಡಿಗಾಸೂ ಕೊಡುವುದಿಲ್ಲವಲ್ಲ!

ಕಟ್ಟಡ ನಿಶ್ಶಬ್ದವಾಯಿತು. ತಾರಸಿಯ ರಾಕ್ಷಸ ನಿರುಮ್ಮಳವಾಗಿ ಗೊರಕೆ ಹೊಡೆಯತೊಡಗಿದ. ಸಭಾಕೋಣೆಯಲ್ಲಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ ವೀಲಾಂಡ್ ತಲೆಯೆತ್ತಿದ. ಹತ್ತೊಂಬತ್ತು. ಇಪ್ಪತ್ತು. ಸಂಜೆ ಆರೂ ಹತ್ತಕ್ಕೆ, ಯಾರೂ ಕೇಳದೆ, ಇಪ್ಪತ್ತೊಂದು.

ಯಾರಿಗಾದರೂ ತೋರಿಸೋಣವೆಂದು ಅವನು ತಿರುಗಿ ನೋಡಿದ. ಇಡೀ ಕಟ್ಟಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊಟ್ಟ ಮಾತು ಮಾತ್ರ ನಡೆದಿತ್ತು.